ಮಾಣಿಕಕಾಕಾ ಆಡಬೇಕೋ, ಕೂಡಬೇಕೋ?

ಒಬ್ಬ ಮನುಷ್ಯನಿಗೆ ‘ಇನ್ನು ನೀವು ಬೇಡ’ ಅಂತ ಹೇಳಲು ಹೋಗುವಾಗ ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು?

ನಾನು ಶೇಂಗಾ ಹೋಳಿಗೆ ಹಿಡಿದುಕೊಂಡು ಹೋದೆ. ಸ್ಟೀಲ್ ಡಬ್ಬಿಯಲ್ಲಿ ಹನ್ನೆರಡು. ಜೊತೆಗೆ ಪುಟ್ಟ ಬಾಟಲಿಯಲ್ಲಿ ತುಪ್ಪ. (ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದು ಅಂತ ನಮ್ಮವ್ವ ಕಲಿಸಿದ್ದಳು. ಎಂಥ ಕೆಲಸಕ್ಕೆ ಹೋಗುವಾಗ ಅಂತ ಬಿಡಿಸಿ ಹೇಳಿರಲಿಲ್ಲ.)

ಹೋದದ್ದು ಮಾಣಿಕಕಾಕಾರ ಮನೆಗೆ. ನಮ್ಮ ಮನೆಯಿಂದ ಮೂರು ಗಲ್ಲಿ ಆಚೆ, ಐದು ನಿಮಿಷದ ದಾರಿ. ಮೊನ್ನೆ ಗುರುವಾರ ಸಂಜೆ ಅದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. ದಾರಿಯಲ್ಲಿ ಕೊತ್ತಂಬರಿ ಕೊಂಡೆ. ಇಸ್ತ್ರಿಯವನ ಹತ್ತಿರ ನಿಂತು ಮಾತಾಡಿದೆ. ಯಾರದೋ ಮನೆಯ ನಾಯಿಮರಿಯನ್ನೂ ಮುದ್ದು ಮಾಡಿದೆ. ನಾಯಿ ಕಂಡರೆ ನನಗೆ ಆಗದು ಅಂತ ಈ ಅಂಕಣ ಓದುವ ನಿಮಗೆಲ್ಲ ಗೊತ್ತೇ ಇದೆ.

ಹೇಳಬೇಕಾಗಿದ್ದ ಮಾತು ಇಷ್ಟೇ: ‘ಈ ಐತವಾರದ ಮ್ಯಾಚಿಗೆ ನೀವು ಬೇಡ.’

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಈ ತೆಲುಗು ಸೀಮೆಯ ಕುಷಾಯಿಗೂಡದ ನಮ್ಮ ಕಾಲೊನಿಯಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯ ಮೂವತ್ತು ಮನೆಗಳಿರಬಹುದು. ಪಕ್ಕದ ಸರ್ಕಾರಿ ಕಾರ್ಖಾನೆಯಲ್ಲಿ ನೌಕರಿ ಸಿಕ್ಕು ಬಂದವರು, ಅವರ ಬೆನ್ನಿಗೆ ಬಂದ ನೆಂಟರು. ಬಂದವರು ತೊಗರಿಬೇಳೆ, ರೊಟ್ಟಿ ಹಂಚಿನ ಜೊತೆ ವಾಲಿಬಾಲ್ ಹುಚ್ಚನ್ನೂ ತಂದರು. ಪ್ರತಿ ಭಾನುವಾರ ಬೆಳಿಗ್ಗೆ ಅಕ್ಕಪಕ್ಕದ ಕಾಲೊನಿಗಳ ಜೊತೆ ಪಂದ್ಯ. ವರ್ಷಕ್ಕೊಮ್ಮೆ ದೊಡ್ಡ ಟೂರ್ನಮೆಂಟು. ಮೈದಾನದ ಒಂದು ಬದಿಗೆ ನೀರಿನ ಟ್ಯಾಂಕು, ಟ್ಯಾಂಕಿಗೆ ಮೆಟ್ಟಿಲು. ಆ ಮೆಟ್ಟಿಲೇ ನಮ್ಮ ಸ್ಟೇಡಿಯಂ. ಅಲ್ಲಿ ಕೂತವರೆಲ್ಲ ಕೋಚು, ಎಲ್ಲರೂ ಅಂಪೈರು. ಆಡಲು ಮಾತ್ರ ಯಾರಿಗೂ ಮೊಣಕಾಲಿಲ್ಲ.

ವಾಲಿಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಚೆಂಡು ನಮ್ಮ ಕಡೆ ಬಂದರೆ ಮೂರು ಸಲ ಮುಟ್ಟಬಹುದು. ಒಬ್ಬ ತಡೆಯುತ್ತಾನೆ. ಇನ್ನೊಬ್ಬ ಎತ್ತಿಕೊಡುತ್ತಾನೆ. ಮತ್ತೊಬ್ಬ ಹಾರಿ ಹೊಡೆಯುತ್ತಾನೆ. ನಡುವೆ ಎತ್ತಿಕೊಡುವವನೇ ಸೆಟ್ಟರ್. ಚೆಂಡು ಯಾರಿಗೆ, ಎಲ್ಲಿಗೆ, ಎಷ್ಟು ಎತ್ತರಕ್ಕೆ ಅಂತ ತೀರ್ಮಾನಿಸುವವನು ಅವನು. ಗೆದ್ದರೆ ಚಪ್ಪಾಳೆ ಹೊಡೆದವನಿಗೆ. ಸೋತರೆ ಬೈಗುಳ ಎತ್ತಿಕೊಟ್ಟವನಿಗೆ. (ದಿನಾ ಅಡುಗೆ ಮಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.)

ಇಪ್ಪತ್ತೆರಡು ವರ್ಷದಿಂದ ನಮ್ಮ ಸೆಟ್ಟರ್ ಮಾಣಿಕಕಾಕಾ. ಸನತ್‌ನಗರದ ಸಣ್ಣದೊಂದು ಫ್ಯಾಕ್ಟರಿಯಲ್ಲಿ ಲೇತ್ ಮಷಿನ್ ಮೇಲೆ ಕೆಲಸ. ವಯಸ್ಸು ನಲವತ್ತಾರು. ನನಗಿಂತ ಆರು ವರ್ಷ ಸಣ್ಣವರು, ಆದರೂ ಊರಿಗೆಲ್ಲ ಕಾಕಾ ಆದವರು ನನಗೂ ಕಾಕಾ; ಅವರಿಗೆ ನಾನು ವೈನಿ, ಅಂದರೆ ಅತ್ತಿಗೆ. ಕುಳ್ಳಗೆ, ಮೆತ್ತಗೆ. ಮೈದಾನದ ಹೊರಗೆ ಅವರ ದನಿ ಕೇಳಬೇಕಾದರೆ ಪಕ್ಕದಲ್ಲೇ ಕೂರಬೇಕು. ಒಳಗೆ ಇಳಿದರೆ ಮಾತ್ರ ಟ್ಯಾಂಕಿನ ಆಚೆಗೂ ಕೇಳಿಸುತ್ತದೆ.

ಏನು ಕೇಳಿಸುತ್ತದೆ ಅಂತೀರಾ? ಮನೆ!

ಹೌದು, ನಮ್ಮ ಟೀಮಿನ ಗುಟ್ಟು ಅದು. ಎದುರಿನವರೆಲ್ಲ ತೆಲುಗಿನವರು. ಎಲ್ಲಿಗೆ ಚೆಂಡು ಹೋಗುತ್ತದೆ ಅಂತ ಅವರಿಗೆ ತಿಳಿಯಬಾರದು, ನಮ್ಮವರಿಗೆ ತಿಳಿಯಬೇಕು. ಅದಕ್ಕೆ ಮೊದಲ ತಲೆಮಾರಿನ ಆಟಗಾರರು ಊರಲ್ಲಿ ಬಿಟ್ಟುಬಂದ ಮನೆಯನ್ನೇ ಕೋರ್ಟಿನೊಳಗೆ ತಂದಿಟ್ಟರು. ‘ಪಡಸಾಲಿ’ ಅಂದರೆ ನಡುವೆ, ನೆಟ್ಟಿಗೆ ಹತ್ತಿರ. ‘ಹಿತ್ತಲ’ ಅಂದರೆ ಸೆಟ್ಟರನ ಬೆನ್ನ ಹಿಂದೆ. ‘ಮಾಳಿಗಿ’ ಅಂದರೆ ಎತ್ತರದ ಚೆಂಡು. ‘ಬಚ್ಚಲ’ ಅಂದರೆ ಎಲ್ಲರೂ ಸುಮ್ಮನೆ ಹಾರಿ, ಸೆಟ್ಟರ್ ಮಾತ್ರ ಮೆಲ್ಲಗೆ ಚೆಂಡನ್ನು ಆಚೆ ಜಾರಿಸುವುದು. ಹುಡುಗರಿಗೆ ಇವು ನಾಲ್ಕು ಬಾಯಿಪಾಠ. ಆದರೆ ಮಾಣಿಕಕಾಕಾ ನಾಲ್ಕಕ್ಕೆ ನಿಲ್ಲುವವರೇ? ಅವರ ತಲೆಯಲ್ಲಿ ಇಡೀ ಮನೆಯಿದೆ. ಕಟ್ಟಿ, ಪಾವಟಿಗಿ, ಬೆಳಕಿಂಡಿ, ದನದ ಕೊಟ್ಟಿಗಿ, ಹಿತ್ತಲ ಬಾಗಲಾ. ಒಂದು ಮ್ಯಾಚಿನಲ್ಲಿ ಆ ಮನೆಯ ಮೂಲೆಮೂಲೆಗೂ ಚೆಂಡು ಹೋಗಿಬರುತ್ತಿತ್ತು.

ಬರುತ್ತಿತ್ತು ಅಂದೆ. ಎರಡು ವರ್ಷದಿಂದ ಬರುತ್ತಿಲ್ಲ.

ಎರಡು ವರ್ಷದಿಂದ ಕಾಕಾರ ಕೈಯಲ್ಲಿ ಚೆಂಡು ನಿಲ್ಲುತ್ತಿದೆ. ವಾಲಿಬಾಲಿನಲ್ಲಿ ಚೆಂಡು ಕೈಯಲ್ಲಿ ನಿಂತರೆ ತಪ್ಪು. ಮುಟ್ಟಬೇಕು, ಕಳಿಸಬೇಕು. ಅರ್ಧ ಕ್ಷಣ ಹಿಡಿದರೂ ಅಂಪೈರು ಸೀಟಿ ಊದುತ್ತಾರೆ, ಪಾಯಿಂಟು ಎದುರಿನವರಿಗೆ. ಮೊದಲು ಮ್ಯಾಚಿಗೊಂದು ಸೀಟಿ. ಆಮೇಲೆ ಸೆಟ್ಟಿಗೆ ಮೂರು. ಈ ಸಲ ಸಾಲಾಗಿ ಐದು ಪಂದ್ಯ ಸೋತೆವು. ಟೂರ್ನಮೆಂಟು ಎದುರಿಗೇ ಇದೆ.

ಮೆಟ್ಟಿಲ ಮೇಲೆ ಇನ್ನೇನು ನಡೆಯುತ್ತದೆ? ಚರ್ಚೆ. ಕಾಕಾ ಆಡಬೇಕೋ, ಕೂಡಬೇಕೋ?

ನಮ್ಮ ಮೆಟ್ಟಿಲಿನ ಹಿರಿಯ ಪ್ರಲ್ಹಾದರಾವ್. ರಿಟೈರ್ ಆದವರು. ಮೊಮ್ಮಗ ಆದಿ ಟೀಮಿನಲ್ಲಿದ್ದಾನೆ. “ಇಪ್ಪತ್ತೆರಡು ವರ್ಷ ಛಲೋ ಆಡ್ಯಾನ, ನಾ ಇಲ್ಲ ಅನ್ನಂಗಿಲ್ಲ,” ಅಂತ ಶುರು ಮಾಡಿದರು. (ಹೀಗೆ ಶುರುವಾದ ಮಾತು ಎಲ್ಲಿ ಮುಗಿಯುತ್ತದೆ ಅಂತ ನಿಮಗೂ ಗೊತ್ತು.) “ಆದ್ರ ಈಗ ಚೆಂಡು ಅವನ ಕೈಯಾಗ ಎಮ್ಮಿ ಕೆಸರಾಗ ಕುಂತಂಗ ಕುಂತಬಿಡ್ತದ. ಕೈ ಗಟ್ಟಿ ಆಗ್ಯಾವ್ರಿ ಅವನವು. ಲೇತ್ ಹಿಡದ ಹಿಡದ.”

“ಅಂವ ನಮ್ಮಾಂವ್ರಿ,” ಅಂದರು ಕಮಲಾಬಾಯಿ. ಎಪ್ಪತ್ತು ದಾಟಿದವರು. ಪ್ರತಿ ಭಾನುವಾರ ಎಲ್ಲರಿಗೂ ಮಂಡಕ್ಕಿಯ ಸುಸಲಾ ಮಾಡಿಕೊಂಡು ಬರುವವರು. “ನಮ್ಮಾಂವನ್ನ ಹೆಂಗ ತಗೀತೀರಿ?”

“ನಮ್ಮಾಂವ ಅಂತ ಹೇಳಿ ಕಣ್ಣು ಕಾಣಲಾರದಾಂವನ ಕೈಯಾಗ ಸ್ಟೇರಿಂಗ್ ಕೊಡ್ತೀವೇನ್ರಿ?” ಅಂದದ್ದು ನಮ್ಮ ಮನೆಯವರು. ಮನೆಯಲ್ಲಿ ಗ್ಯಾಸ್ ಸಿಲಿಂಡರು ಬದಲಿಸಲು ನಾಲ್ಕು ದಿನ ಯೋಚಿಸುವ ಮನುಷ್ಯ. ಸೆಟ್ಟರ್ ಬದಲಿಸಲು ನಾಲ್ಕು ನಿಮಿಷ ಸಾಕಾಯಿತು.

ಅಷ್ಟರಲ್ಲಿ ಬಂದ ರಿತೇಶ. ಮಂಗಳೂರಿನ ಹುಡುಗ, ಕೊಂಡಾಪುರದಲ್ಲಿ ಐಟಿ ಕೆಲಸ, ನಮ್ಮ ಕಾಲೊನಿಯ ಯಾರದೋ ಆಫೀಸಿನ ಗೆಳೆಯ. ಕಾಲೇಜಿನಲ್ಲಿ ಸೆಟ್ಟರ್ ಆಗಿದ್ದನಂತೆ. ಕಾಕಾರಿಗೆ ಓವರ್‌ಟೈಮ್ ಇದ್ದ ಒಂದು ಭಾನುವಾರ ಅವನನ್ನು ಆಡಿಸಿ ನೋಡಿದೆವು. (ಕಾಕಾ ಇಲ್ಲದ ದಿನವನ್ನೇ ಆರಿಸಿದ್ದು ಆಕಸ್ಮಿಕ ಅಂತ ನಾವೆಲ್ಲ ಪರಸ್ಪರ ಹೇಳಿಕೊಂಡೆವು.) ಏನು ಹೇಳಲಿ! ನಮ್ಮ ಅದೇ ಹುಡುಗರು. ನನ್ನ ಮಗ ಸುಹಾಸನೂ ಅವರಲ್ಲಿ ಒಬ್ಬ. ಆವತ್ತು ಹಾರಿದ ಹಾರಾಟ, ಹೊಡೆದ ಹೊಡೆತ! ಗೆದ್ದೆವು. ಮೆಟ್ಟಿಲ ಮೇಲೆ ಸುಸಲಾ ಸಾಲದಾಯಿತು.

ಮುಂದಿನ ವಾರ ಕಾಕಾ ವಾಪಸು ಬಂದರು. ಮತ್ತೆ ಸೀಟಿ. ಮತ್ತೆ ಸೋಲು. ಹುಡುಗರೆಲ್ಲ ಮನೆಗೆ ಹೋದ ಮೇಲೆ ಮೆಟ್ಟಿಲ ಮೇಲೆ ಓಟು ಹಾಕಿದೆವು. ಕಮಲಾಬಾಯಿ ಒಬ್ಬರನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಎತ್ತುವಾಗ ಒಂದು ವಾಕ್ಯವನ್ನೂ ಹೇಳಿದೆ: “ಎಲ್ಲಾರಿಗೂ ಒಂದೊಂದು ಕಾಲ ಇರ್ತದ. ಕಾಲ ಮುಗದಾಗ ಮರ್ಯಾದಿಯಿಂದ ಇಳಿಯೋದು ಛಲೋ.” ಎಲ್ಲರೂ ತಲೆದೂಗಿದರು. ಇಂಥ ವಾಕ್ಯಗಳು ನನಗೆ ಸಲೀಸಾಗಿ ಬರುತ್ತವೆ. ವಾರಕ್ಕೊಮ್ಮೆ ಬರೆದು ಅಭ್ಯಾಸ.

ಅದೇ ತಪ್ಪಾಯಿತು. “ನೀವ ಹೇಳ್ರಿ ಅವಗ,” ಅಂದರು ಪ್ರಲ್ಹಾದರಾವ್. “ನೀವು ಬರಿಯೋರು. ಮನಸ್ಸಿಗೆ ಹತ್ತಲಾರದಂಗ ಹೇಳಾಕ ನಿಮಗ ಬರ್ತದ.”

ಹಾಗೆ ಹೊರಟದ್ದು ಹೋಳಿಗೆಯ ಡಬ್ಬಿ.

ಕಾಕಾ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಕೈ ತೊಳೆಯುತ್ತಿದ್ದರು. ಸೋಪು ಹಚ್ಚಿ ಎರಡು ಸಲ ತೊಳೆದರೂ ಮಷಿನ್ ಎಣ್ಣೆಯ ವಾಸನೆ ಹೋಗುವುದಿಲ್ಲ ಅಂತ ಅವರ ಹೆಂಡತಿ ಸುನಂದಾ ನಗುತ್ತ ಹೇಳಿದಳು. ಒಳಗೆ ರೊಟ್ಟಿ ಬಡಿಯುವ ಕೆಲಸ ನಡೆದಿತ್ತು. ನಾನು ನೀರಿನ ಟ್ಯಾಂಕರಿನ ಬಗ್ಗೆ ಮಾತಾಡಿದೆ. ಬಸ್ಸಿನ ಬಗ್ಗೆ ಮಾತಾಡಿದೆ. ಕೊತ್ತಂಬರಿ ದುಬಾರಿಯಾದದ್ದನ್ನೂ ಹೇಳಿದೆ.

ಕಾಕಾ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು.

“ವೈನಿ, ನೀವು ಸೆಟ್ಟರ್ ಮಾತು ಹೇಳಾಕ ಬಂದೀರಿ. ಹೌದಲ್ರಿ?” ಅಂದರು. “ಹೇಳ್ರಿ. ಬ್ಯಾರೆ ಯಾರರೆ ಬಂದು ಹೇಳೋದಕ್ಕಿಂತ ನೀವು ಹೇಳಿದ್ರ ನನಗ ಬ್ಯಾಸರ ಇಲ್ಲ.”

ಮೂರು ಗಲ್ಲಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಒಂದೂ ಬರಲಿಲ್ಲ. “ಹೌದ್ರಿ ಕಾಕಾ,” ಅಂದೆ, ಅಷ್ಟೇ.

“ಛಲೋ ಆತು. ಆ ಹುಡುಗ ಛಲೋ ಅದಾನ. ಬೆರಳು ಭಾಳ ಹಗೂರ. ಆವತ್ತ ಓವರ್‌ಟೈಮ್ ಲಗೂನ ಮುಗೀತು. ಬಂದು ಗೇಟಿನಾಗ ನಿಂತು ನೋಡೀನಿ ನಾ.”

ಗೇಟಿನಲ್ಲಿ ನಿಂತು! ತನ್ನ ಜಾಗದಲ್ಲಿ ಇನ್ನೊಬ್ಬ ಆಡುವುದನ್ನು, ನಾವೆಲ್ಲ ಕುಣಿಯುವುದನ್ನು, ಈ ಮನುಷ್ಯ ಗೇಟಿನಲ್ಲಿ ನಿಂತು ನೋಡಿ, ಒಳಗೆ ಬಾರದೆ ಮನೆಗೆ ಹೋಗಿದ್ದಾರೆ. ನನಗೆ ಎದ್ದು ಓಡಿಹೋಗಬೇಕು ಅನ್ನಿಸಿತು.

“ಒಂದ ಮಾತು ಕೇಳ್ತೀನಿ ವೈನಿ. ದೂರ ಇದ್ದೆ, ಕೇಳಿಸಲಿಲ್ಲ. ಆ ಹುಡುಗ ಆಟದಾಗ ಏನಂತ ಕೂಗ್ತಾನು?”

“ಇಂಗ್ಲಿಷಿನ್ಯಾಗ ಕೂಗ್ತಾನ್ರಿ. ಒನ್, ಟೂ, ಬ್ಯಾಕ್, ಹಿಂಗ. ನಾ ಕೇಳಿದೆ, ನೀನೂ ಕನ್ನಡದಾಂವ, ಕನ್ನಡದಾಗ ಯಾಕ ಕೂಗಂಗಿಲ್ಲಪಾ ಅಂತ. ‘ಕೂಗಿದೆ ಆಂಟಿ, ಮೊದ್ಲು ಎರಡು ಬಾಲ್ ಕನ್ನಡದಲ್ಲೇ ಕೂಗಿದೆ. ನಿಮ್ಮ ಹುಡುಗ್ರು ನನ್ನ ಮುಖ ನೋಡಿದ್ರು ಮಾರಾಯ್ರೆ’ ಅಂದ. ನಾವೆಲ್ಲ ಭಾಳ ನಕ್ವಿ. ಮಂಗಳೂರು ಕನ್ನಡ ಅಲ್ಲೇನ್ರಿ, ನಮ್ಮ ಹುಡುಗ್ರಿಗೆ ಎಲ್ಲಿ ತಿಳೀಬೇಕು ಅಂತ.”

ಕಾಕಾ ನಗಲಿಲ್ಲ. “ಹಂಗಾದ್ರ ಇಂಗ್ಲಿಷ್ ತಿಳೀತದ ಹುಡುಗ್ರಿಗೆ. ಛಲೋ ಆತು,” ಅಂದರು ಮೆಲ್ಲಗೆ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸುನಂದಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

“ಹೇಳಿಬಿಡ್ರಿ ಒಮ್ಮೆ. ನೀವು ಹೇಳದಿದ್ರ ನಾ ಹೇಳ್ತೀನಿ. ಅಕ್ಕಾ, ಇವ್ರ ಕೈ ಗಟ್ಟಿ ಆಗಿಲ್ಲ. ಇವ್ರು ಕಾಯಾಕತ್ತಾರ. ‘ಬೆಳಕಿಂಡಿ’ ಅಂತ ಕೂಗಿದ್ರ ಹುಡುಗ್ರು ಒಬ್ಬರ ಮಾರಿ ಒಬ್ರು ನೋಡ್ತಾವ. ತಿಳಕೊಂಡು ಓಡಿ ಬರೂತನಕ ಚೆಂಡು ಎಲ್ಲಿ ಇಡಬೇಕು? ಕೈಯಾಗ ಹಿಡೀತಾರ. ಸೀಟಿ ಊದ್ತಾರ. ಮೆಟ್ಟಲಾ ಮ್ಯಾಲಿಂದ ನೀವೆಲ್ಲಾ ಬೈತೀರಿ. ಇವ್ರು ಮನಿಗೆ ಬಂದು ಉಣಲಾರದ ಮಲಗ್ತಾರ. ಹಳಬರು ಬಿಟ್ಟು ಈ ಹುಡುಗ್ರು ಟೀಮಿಗೆ ಬಂದಾಗಿಂದ ಹಿಂಗ, ಎರಡು ವರ್ಷ ಆತು ಅಕ್ಕಾ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಎಲ್ಲ ಒಂದೇ ಸಲ ಅರ್ಥವಾಯಿತು.

“ಯಾಕ ಹೇಳಲಿಲ್ಲ ಕಾಕಾ? ಒಂದ ಮಾತು ಹೇಳಬೇಕಿಲ್ಲೇನು?”

“ಏನಂತ ಹೇಳ್ಲಿ ವೈನಿ? ಹುಡುಗ್ರಿಗೆ ಕನ್ನಡ ಬರಂಗಿಲ್ಲ ಅಂತ ಮೆಟ್ಟಲಾ ಮ್ಯಾಲ ಕುಂತೋರಿಗೆ ಹೇಳ್ಲಿ? ಎಲ್ಲಾ ಅವ್ರವ್ರ ಮಕ್ಕಳು, ಮೊಮ್ಮಕ್ಕಳು. ಮತ್ತ ನೀವು...” ಅಂತ ನಿಲ್ಲಿಸಿದರು. ನೆಲ ನೋಡಿದರು. “ನೀವು ಕನ್ನಡದಾಗ ಬರಿಯೋರು. ನಿಮ್ಮ ಸುಹಾಸಗ ತಿಳಿಯಂಗಿಲ್ಲ ಅಂತ ನಿಮಗ ಯಾವ ಬಾಯಿಲೆ ಹೇಳ್ಲಿ? ಮಾಣಿಕನ ಕೈ ಹೋಗ್ಯಾವು ಅಂದ್ರ ಒಂದ ಮನಿಗೆ ನೋವು. ಇದನ್ನ ಹೇಳಿದ್ರ ಎಲ್ಲಾ ಮನಿಗೂ ನೋವು.”

ಮುಚ್ಚಿಡುವುದೇಕೆ, ನಾನು ಅಲ್ಲೇ ಅತ್ತೆ. ಸುನಂದಾ ಹಿಟ್ಟಿನ ಕೈಯಲ್ಲೇ ನನ್ನ ಭುಜ ಹಿಡಿದಳು. ಕಾಕಾ ಗಾಬರಿಯಾಗಿ, “ಅಳಬ್ಯಾಡ್ರಿ ವೈನಿ, ಹೋಳಿಗಿ ತಿನ್ನೂಣು” ಅಂದರು. ಮೂವರೂ ತಿಂದೆವು.

ಮನೆಗೆ ಬಂದರೆ ಸುಹಾಸ ಸೋಫಾದಲ್ಲಿ ಫೋನು ಹಿಡಿದು ಮಲಗಿದ್ದ. ಇಂಜಿನಿಯರಿಂಗ್ ಮೂರನೇ ವರ್ಷ. ಆರಡಿ ಎತ್ತರ. ಟೀಮಿನ ದೊಡ್ಡ ಹೊಡೆತ ಅವನದೇ.

“ಸುಹಾಸ, ಹಿತ್ತಲ ಅಂದ್ರ ಏನೋ?”

“ಬ್ಯಾಕ್ ಸೈಡ್ ಅಮ್ಮಾ.”

“ಅಲ್ಲಪಾ, ಮನಿಯಾಗ. ಹಿತ್ತಲ ಅಂದ್ರ ಏನು?”

“ಮನಿಯಾಗ?” ಎದ್ದು ಕೂತ. “ಮನಿಯಾಗ ಏನು ಇರ್ತದ ಅದು?”

“ಬೆಳಕಿಂಡಿ?”

ತಲೆ ಕೆರೆದುಕೊಂಡ. “ಅದು ಕಾಕಾ ಒಮ್ಮೊಮ್ಮೆ ಅಂತಾರ. ಅದಂದ್ರ ನಾವು ಊರ್ಕೆ ಜಂಪ್ ಮಾಡ್ತೀವಿ.” ಸುಮ್ಮನೆ ಅನ್ನುವುದಕ್ಕೂ ಅವನಿಗೆ ತೆಲುಗೇ ಬಂತು.

“ತಿಳೀದಿದ್ರ ಕಾಕಾಗ ಕೇಳಬೇಕಿಲ್ಲೇನೋ?”

“ಹೆಂಗ ಕೇಳಲಿ ಅಮ್ಮಾ?” ಅಂದ. ಅವನ ಮುಖ ಕೆಂಪಾಗಿತ್ತು. “ನಿನ್ನ ಮಗಾ ನಾನು. ಪೇಪರ್‌ನಾಗ ಬರಿಯೋಳ ಮಗಾಗ ಕನ್ನಡ ರಾದು, ಬರಂಗಿಲ್ಲ ಅಂತ ನಗ್ತಾರ ಎಲ್ರೂ.”

ನೋಡಿ, ಕಾಕಾ ನನ್ನ ಮರ್ಯಾದೆಗಾಗಿ ಬಾಯಿ ಮುಚ್ಚಿಕೊಂಡಿದ್ದರು. ಮಗ ನನ್ನ ಮರ್ಯಾದೆಗಾಗಿ ಬಾಯಿ ಮುಚ್ಚಿಕೊಂಡಿದ್ದ. ನಾನು ಮೆಟ್ಟಿಲ ಮೇಲೆ ಕೂತು ಕೈ ಎತ್ತಿದ್ದೆ.

ಇದು ಹೇಗಾಯಿತು ಅಂತ ನೀವು ಕೇಳಬಹುದು. ನಾನೂ ಆ ರಾತ್ರಿಯೆಲ್ಲ ಕೇಳಿಕೊಂಡೆ. ಸುಹಾಸ ಸಣ್ಣವನಿದ್ದಾಗ ಅವನ ಮಿಸ್ಸು ‘ಮನೆಯಲ್ಲಿ ತೆಲುಗು, ಇಂಗ್ಲಿಷೇ ಮಾತಾಡಿ, ಮಗು ಕನ್‌ಫ್ಯೂಸ್ ಆಗ್ತಾನೆ’ ಅಂದಿದ್ದರು. ನಾವು ಒಳ್ಳೆಯ ಪೋಷಕರ ಹಾಗೆ ತಲೆಯಾಡಿಸಿದೆವು. ಆಮೇಲೆ ನಾವು ಕನ್ನಡದಲ್ಲಿ ಕರೆದರೆ ಅವನು ತೆಲುಗಿನಲ್ಲಿ ‘ವಸ್ತುನ್ನಾ’, ಬಂದೆ, ಅನ್ನುತ್ತಿದ್ದ. ಮುದ್ದಾಗಿದೆ ಅಂತ ನಕ್ಕೆವು. ಊಟ, ನೀರು, ಸಾಕು, ಬೇಡ — ಇಷ್ಟು ಕನ್ನಡ ಅವನಿಗೆ ಇದ್ದೇ ಇತ್ತು. ಸಾಲದೇ ಅಂದುಕೊಂಡೆವು.

ಇನ್ನು ಪಡಸಾಲೆ, ಹಿತ್ತಲು? ನಾವಾದರೂ ಯಾವತ್ತು ಅಂದಿದ್ದೇವೆ? ನಮ್ಮದು ಮೂರನೇ ಮಹಡಿಯ ಫ್ಲಾಟು. ಹಾಲ್, ಕಿಚನ್, ಬಾಲ್ಕನಿ, ಎರಡು ಬೆಡ್‌ರೂಮ್. ಬೆಳಕಿಂಡಿ ಇಡಲು ನಮ್ಮ ಮೇಲೆ ಮಾಳಿಗೆಯೇ ಇಲ್ಲ, ಇನ್ನೊಬ್ಬರ ಬಾತ್‌ರೂಮಿದೆ! ಮನೆಯಲ್ಲಿ ಇಲ್ಲದ ಜಾಗಕ್ಕೆ ಮಕ್ಕಳು ಓಡಿ ಹೋಗಿ ನಿಲ್ಲುವುದಾದರೂ ಹೇಗೆ?

ಶನಿವಾರ ಸಂಜೆ ಪ್ರಾಕ್ಟೀಸು. ಕಾಕಾ ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ. ನಾನು ಮೆಟ್ಟಿಲ ಮೇಲೆ ಎಲ್ಲರಿಗೂ ಎಲ್ಲವನ್ನೂ ಹೇಳಿದೆ. ನನ್ನ ಮಗನಿಂದಲೇ ಶುರು ಮಾಡಿದೆ.

ಪ್ರಲ್ಹಾದರಾಯರಿಗೆ ಸಿಟ್ಟು ಬಂತು. “ಏನ್ರೀ ಇದು! ನಮ್ಮ ಆದಿ ದಿನಾ ನನ್ನ ಕೂಡ ಕನ್ನಡದಾಗ ಮಾತಾಡ್ತಾನ.” ಮೈದಾನದತ್ತ ತಿರುಗಿ ಕೂಗಿದರು: “ಲೇ ಆದೀ! ಪಾವಟಿಗಿ ಅಂದ್ರ ಏನೋ?”

ಆದಿ ನೆಟ್ಟು ಕಟ್ಟುತ್ತಿದ್ದವನು ತಿರುಗಿ ನೋಡಿದ. ಯೋಚಿಸಿದ. “ನುವ್ವೇ ಚೆಪ್ಪು ತಾತಾ,” ಅಂತ ಕೂಗಿದ. ನೀನೇ ಹೇಳು ತಾತಾ.

ತಾತ ಕೂತೇಬಿಟ್ಟರು. ತಾವು ಕೂತಿದ್ದ ಮೆಟ್ಟಿಲನ್ನೇ ಕೈಯಿಂದ ಸವರಿದರು. “ಇದ ಅಲ್ಲೇನೋ ಪಾವಟಿಗಿ,” ಅಂತ ತಮ್ಮಷ್ಟಕ್ಕೇ ಅಂದರು.

ಆಮೇಲೆ ನಮ್ಮ ಮನೆಯವರು ಇಂಗ್ಲಿಷಿನಲ್ಲೇ ಕೂಗಿದರಾಯಿತು ಅಂದರು. ಎದುರಿನವರಿಗೂ ತಿಳಿಯುತ್ತದಲ್ಲ ಅಂತ ಇನ್ನೊಬ್ಬರು. ರಿತೇಶನ ಮ್ಯಾಚಿನಲ್ಲಿ ತಿಳಿದರೂ ಗೆದ್ದೆವಲ್ಲ ಅಂತ ಇವರು. ಚರ್ಚೆ ಮತ್ತೆ ತನ್ನ ದಾರಿ ಹಿಡಿಯುತ್ತಿತ್ತು.

“ಮಾತು ಸಾಕು,” ಅಂದರು ಕಮಲಾಬಾಯಿ. ಎದ್ದರು. ಮನೆಗೆ ಹೋದರು. ಬಂದಾಗ ಕೈಯಲ್ಲಿ ರಂಗೋಲಿ ಪುಡಿಯ ಡಬ್ಬಿ ಇತ್ತು.

ಎಪ್ಪತ್ತು ದಾಟಿದ ಹೆಂಗಸು, ಸೊಂಟ ಬಗ್ಗಿಸಿ, ವಾಲಿಬಾಲ್ ಕೋರ್ಟಿನ ಮೇಲೆ ಬಿಳಿ ಗೆರೆ ಎಳೆಯತೊಡಗಿದರು. “ಇದು ಹೊಸ್ತಿಲ. ಇದು ಪಡಸಾಲಿ. ಬಾರೋ ಉದ್ದನಾಂವಾ, ಇಲ್ಲಿ ನಿಂದ್ರು.” ಸುಹಾಸ ಹೋಗಿ ಪಡಸಾಲೆಯಲ್ಲಿ ನಿಂತ. “ಇದು ಅಡಗಿಮನಿ. ಇದರ ಹಿಂದ ಹಿತ್ತಲ. ತುಳಸಿಕಟ್ಟಿ ಇಲ್ಲಿ. ಆದಿ, ನೀ ತುಳಸಿಕಟ್ಟಿ ಕಡೆ ಹೋಗು. ತುಳೀಬ್ಯಾಡ ಮತ್ತ!” ಆದಿ ಗೆರೆ ತುಳಿಯದೆ ಜಿಗಿದ.

“ಬಚ್ಚಲ ಎಡಕ್ಕ ಬರಂಗಿಲ್ರಿ,” ಅಂದರು ಪ್ರಲ್ಹಾದರಾವ್, ಮೆಟ್ಟಿಲಿಳಿದು. “ನಮ್ಮ ಮನಿಯಾಗ ಬಲಕ್ಕ ಇತ್ತು.”

“ನಮ್ಮನ್ಯಾಗ ಬಚ್ಚಲ ಹಿತ್ತಲದಾಗ ಇತ್ತು,” ಅಂದೆ ನಾನು.

“ನಮ್ಮಲ್ಲಿ ಪಡಸಾಲೆಗೆ ಚಾವಡಿ ಅಂತೇವೆ,” ಅಂದ ರಿತೇಶ. ಅವನೂ ಬ್ಯಾಗು ಕೆಳಗಿಟ್ಟು ಬಂದಿದ್ದ. “ನೀ ಸುಮ್ನಿರಪಾ, ಮೊದ್ಲ ತಲಿ ಕೆಟ್ಟೈತಿ,” ಅಂದರು ಎಲ್ಲರೂ.

ಅರ್ಧ ಗಂಟೆ ಬಚ್ಚಲಿನದೇ ಜಗಳ. ನಿಜ ಹೇಳುತ್ತೇನೆ, ಮೆಟ್ಟಿಲ ಮೇಲೆ ಇಷ್ಟು ವರ್ಷದಲ್ಲಿ ನಾವು ಮಾಡಿದ ಚರ್ಚೆಗಳಲ್ಲಿ ಒಂದಿಷ್ಟಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ. ಹುಡುಗರು ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಕೊಟ್ಟಿಗೆಗೆ ಓಡಾಡುತ್ತ ಕೇಳುತ್ತಿದ್ದರು. ‘ಎಮ್ಮಿ ಮನಿಯೊಳಗಽ ಇರ್ತಿತ್ತಾ ಅಮ್ಮಾ?’ ಅಂತ ಸುಹಾಸ ಕಣ್ಣರಳಿಸಿದ. ನಾನು ಇದನ್ನೆಲ್ಲ ಅವನಿಗೆ ಯಾವತ್ತೂ ಹೇಳಿರಲಿಲ್ಲ. ಪೇಪರಿನಲ್ಲಿ ನಿಮಗೆ ಹೇಳಿದ್ದೆ.

ಅಷ್ಟರಲ್ಲಿ ಗೇಟಿನ ಹತ್ತಿರ ಮಾಣಿಕಕಾಕಾ ಕಂಡರು. ಊಟದ ಡಬ್ಬಿಯ ಚೀಲ ಹೆಗಲಲ್ಲಿ. ಡ್ಯೂಟಿಯಿಂದ ನೇರ ಇಲ್ಲಿಗೇ ಬರಬೇಕು ಅಂತ ಸುನಂದಾ ಫೋನಿನಲ್ಲಿ ಒತ್ತಾಯ ಮಾಡಿದ್ದಳಂತೆ. ಅವರು ಕೋರ್ಟಿನ ತನಕ ಬಂದರು. ಗೆರೆಗಳನ್ನು ನೋಡಿದರು. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬ ಹುಡುಗ ನಿಂತಿದ್ದನ್ನು ನೋಡಿದರು.

ಕಾಕಾ ಹೊಸ್ತಿಲ ಗೆರೆಯ ಹೊರಗೆ ಚಪ್ಪಲಿ ಬಿಟ್ಟರು. ಆಮೇಲೆ ಒಳಗೆ ಬಂದರು.

ಕಮಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರಲ್ಹಾದರಾವ್ ಕೆಮ್ಮಿ, ದನಿ ಸರಿಮಾಡಿಕೊಂಡು, “ಮಾಣಿಕಾ, ನಾಳೆ ನೀನ ಆಡು. ತಪ್ಪು ತಿಳಕೋಬ್ಯಾಡ. ಕೈ ನಿನ್ನವು ಗಟ್ಟಿ ಆಗಿಲ್ಲ, ನಮ್ಮ ಕಿವಿ ಗಟ್ಟಿ ಆಗಿದ್ವು,” ಅಂದರು. ಅವರ ಬಾಯಲ್ಲಿ ಕ್ಷಮೆ ಬಂದದ್ದನ್ನು ನಾನು ಕೇಳಿದ್ದು ಇದೇ ಮೊದಲು. ರಿತೇಶ ತಾನಾಗಿಯೇ, “ನಾನು ಸಬ್‌ಸ್ಟಿಟ್ಯೂಟ್ ಕೂತ್ಕೊಳ್ತೇನೆ ಕಾಕಾ, ನಂಗೂ ಈ ಮನೆ ಕಲಿಸಿ” ಅಂದ. ಕಾಕಾ ಅವನ ಬೆನ್ನು ತಟ್ಟಿದರು. ಕತ್ತಲಾಗುವ ತನಕ ಚೆಂಡೇ ಇಲ್ಲದೆ ಬರೀ ಕೂಗಿದರು. ಹುಡುಗರು ಬರೀ ಓಡಿದರು.

ಭಾನುವಾರದ ಮ್ಯಾಚು ಸನತ್‌ನಗರದವರ ಜೊತೆ. ಟೂರ್ನಮೆಂಟಿನ ಮೊದಲ ಪಂದ್ಯ. ಒಂದು ಸಂಜೆಯ ಪಾಠದಿಂದ ಎರಡು ವರ್ಷದ ರೋಗ ವಾಸಿಯಾಯಿತು ಅಂತ ಬರೆಯಲು ನನಗೂ ಆಸೆ. ಆಗಲಿಲ್ಲ. ಮೊದಲ ಸೆಟ್ಟಿನಲ್ಲಿ ಎರಡು ಸೀಟಿ. ಸೋತೆವು. ಆದಿ ಕೊಟ್ಟಿಗೆಗೆ ಹೋಗಬೇಕಾದವನು ಅಡುಗೆಮನೆಗೆ ಹೋದ. ಎರಡನೇ ಸೆಟ್ಟು ಹೇಗೋ ಗೆದ್ದೆವು. ಮೆಟ್ಟಿಲ ಮೇಲೆ ಯಾರೂ ಬೈಯಲಿಲ್ಲ. (ನಮ್ಮ ಮನೆಯವರು ಒಮ್ಮೆ ಬಾಯಿ ತೆಗೆದರು. ನಾನು ನೋಡಿದೆ. ಮುಚ್ಚಿದರು.)

ಮೂರನೇ ಸೆಟ್ಟು. ಎದುರಿನವರು ಮುಂದಿದ್ದರು. ಚೆಂಡು ಕಾಕಾರ ತಲೆಯ ಮೇಲೆ ಬರುತ್ತಿತ್ತು. ಅವರು ಕೂಗಲು ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಒಂದು ದನಿ ಕೇಳಿತು.

“ಹಿತ್ತಲಾ ಕಾಕಾ! ನಾ ಹಿತ್ತಲದಾಗ ಅದೀನಿ! ಕೊಡ್ರಿ!”

ನನ್ನ ಮಗ.

ಕಾಕಾ ತಿರುಗಿಯೂ ನೋಡಲಿಲ್ಲ. ಬೆರಳು ಮುಟ್ಟಿತೋ ಇಲ್ಲವೋ, ಚೆಂಡು ಬೆನ್ನ ಹಿಂದೆ ಎದ್ದಿತ್ತು. ಸುಹಾಸ ಹಾರಿ ಹೊಡೆದ. ಎದುರಿನವರು ಇನ್ನೂ ಪಡಸಾಲೆಯ ಕಡೆಯೇ ನೋಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಏನು ಕೂಗಿದೆನೋ ನನಗೇ ಗೊತ್ತಿಲ್ಲ. ಕಮಲಾಬಾಯಿಯ ಸುಸಲಾ ಡಬ್ಬಿ ಕೆಳಗೆ ಉರುಳಿತು ಅಂತ ಆಮೇಲೆ ತಿಳಿಯಿತು.

ಆ ಸೆಟ್ಟನ್ನು ಸೋತೆವು. ಮ್ಯಾಚನ್ನೂ ಸೋತೆವು. “ಕಡೀಕ ಆ ಮಂಗಳೂರು ಹುಡುಗನ್ನ ಇಳಸಬೇಕಿತ್ತೇನೋ,” ಅಂತ ಪ್ರಲ್ಹಾದರಾವ್ ಆಗಲೇ ಶುರು ಮಾಡಿದ್ದರು. ಸೆಟ್ಟರನ್ನು ಇಡಬೇಕೋ ತೆಗೆಯಬೇಕೋ ಅನ್ನುವ ಚರ್ಚೆ ಜಗತ್ತಿನಲ್ಲಿ ಎಲ್ಲಿಯೂ ಮುಗಿಯುವುದಿಲ್ಲ. ಮುಗಿಯಲೂಬಾರದು, ಇಲ್ಲದಿದ್ದರೆ ಮೆಟ್ಟಿಲು ಯಾಕೆ ಬೇಕು?

ಕಾಕಾ ಮುಖ ತೊಳೆದುಕೊಂಡು ನನ್ನ ಹತ್ತಿರ ಬಂದರು. ಸೋತವರ ಮುಖ ಅದಾಗಿರಲಿಲ್ಲ.

“ಸೋತ್ವಿ ವೈನಿ,” ಅಂದರು. “ಆದ್ರ ಎರಡು ವರ್ಷದಾಗ ಇವತ್ತಽ ಮೊದಲ ಸಲ, ಆ ಕೋರ್ಟಿನಾಗ ನಾ ಒಬ್ಬಾಂವನಽ ಮಾತಾಡಲಿಲ್ಲ ನೋಡ್ರಿ. ಯಾರೋ ನನಗ ಓ ಅಂದ್ರು.”

ನೀವು ಕರೆದರೆ ನಿಮ್ಮ ಮಕ್ಕಳು ಯಾವ ಭಾಷೆಯಲ್ಲಿ ಓಗೊಡುತ್ತಾರೆ?